ಬೊಂಬೆ ಹಿಡಿಯ ಚಾಕು

ಬೀರೇಶನ ಚಾಕುವಿನ ಹಿಡಿಗೆ ಕೆಂಪು, ಹಳದಿ, ಹಸಿರು ಅರಗಿನ ಪಟ್ಟೆಗಳಿದ್ದವು. ಮೊದಲ ಸಲ ನೋಡಿದವರು ನಗುತ್ತಿದ್ದರು. ಗಿಲಕಿಯ ಹಾಗಿದ್ದ ಆ ಹಿಡಿಯ ಸೀಳಿನಿಂದ ಅವನು ಹೆಬ್ಬೆರಳಿನ ಉಗುರು ಕೊಟ್ಟು ಅಲಗನ್ನು ಎಬ್ಬಿಸಿದಾಗ ನಗು ನಿಲ್ಲುತ್ತಿತ್ತು. ಅಲಗು ಅವನ ಅಪ್ಪ ಪುಟ್ಟಲಿಂಗಯ್ಯನದು. ಮಸೆದು ಮಸೆದು ನಡು ಸಣ್ಣಗಾಗಿತ್ತು. ಅಪ್ಪ ಸತ್ತ ವರ್ಷವೇ ಹಳೆಯ ಕೊಂಬಿನ ಹಿಡಿ ಒಡೆಯಿತು. ಬೀರೇಶ ಅದನ್ನು ಚನ್ನಪಟ್ಟಣಕ್ಕೆ ಒಯ್ದು ಬೊಂಬೆ ಕಡೆಯುವ ಗಫಾರ್ ಸಾಬರ ಮುಂದೆ ಇಟ್ಟ. ಅವರು ಹಾಲೆ ಮರದಲ್ಲಿ ಹೊಸ ಹಿಡಿ ಕಡೆದು, ಬಣ್ಣ ಬೇಡವೆಂದರೂ ಕೇಳದೆ, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿಯೇಬಿಟ್ಟರಂತೆ. ಬಣ್ಣವಿಲ್ಲದ ವಸ್ತು ತಮ್ಮ ಅಂಗಡಿಯಿಂದ ಆಚೆಗೆ ಹೋಗುವುದಿಲ್ಲ ಎಂದರಂತೆ.

ನಮ್ಮದು ಕೈಲಾಂಚದ ಆಚೆ ಒಂದು ಸಣ್ಣ ಊರು. ಬೀರೇಶನ ಮನೆಯವರಿಗೆ ಎರಡೆಕರೆ ಹಿಪ್ಪುನೇರಳೆ ತೋಟ, ಮೂವತ್ತು ಕುರಿ. ನಮ್ಮ ಮನೆಯಲ್ಲಿ ರಾಗಿ, ಹಸು. ಒಂದೇ ಬೆಂಚಿನಲ್ಲಿ ಕೂತು ಓದಿದವರು ನಾವು. ಅವನು ಏಳನೇ ಕ್ಲಾಸಿಗೆ ಬಿಟ್ಟು ಕುರಿಯ ಹಿಂದೆ ಹೋದ, ನಾನು ಬಿ.ಎ. ಮುಗಿಸಿ ಹೆದ್ದಾರಿಯ ಬದಿಯಲ್ಲಿ ಹೊಸದಾಗಿ ಎದ್ದಿದ್ದ ಕಾರಿನ ಸೀಟು ಮಾಡುವ ಕಾರ್ಖಾನೆಯ ಸ್ಟೋರಿನಲ್ಲಿ ಗುಮಾಸ್ತನಾದೆ.

ಚಾಕು ಅವನ ಪಟ್ಟೆ ಚಡ್ಡಿಯ ಬಲ ಜೇಬಿನಲ್ಲಿರುತ್ತಿತ್ತು. ಕುರಿಯ ಗೊರಸು ಬೆಳೆದರೆ ಹೆರೆಯಲು, ನಾಟಿಯ ಕಡ್ಡಿಗೆ ಓರೆ ಕೊಯ್ಯಲು, ಕಾಲಿಗೆ ಚುಚ್ಚಿದ ಜಾಲಿಮುಳ್ಳು ಬಿಡಿಸಲು, ಸೀಬೆಕಾಯಿ ಹೋಳು ಮಾಡಿ ಉಪ್ಪು ಖಾರ ಸವರಲು, ಎಲ್ಲಕ್ಕೂ ಅದೇ. ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೊರಡುವ ಮುಂಚೆ ಮಂಕರಿ ಬುಟ್ಟಿಯೊಳಗೆ ಕೈ ಹಾಕಿ ಸಿಕ್ಕಿದ ಐದಾರು ಗೂಡು ಕೊಯ್ದು ಒಳಗಿನ ಹುಳು ನೋಡುತ್ತಿದ್ದ. ತನ್ನದೇ ಬೆಳೆ, ತಾನೇ ಮೇಯಿಸಿದ್ದು, ಆದರೂ ನೋಡಬೇಕು. ಗೊಬ್ಬರದ ಚೀಲವನ್ನು ಹೊಲಿಗೆ ಬಿಚ್ಚಿ ನೋಡದೆ ತಲೆಯ ಮೇಲೆ ಹೊರುತ್ತಿರಲಿಲ್ಲ. ಕುಯ್ದು ನೋಡದೆ ಒಳಗೇನಿದೆ ಎಂದು ಹೇಗೆ ಗೊತ್ತಾಗುತ್ತದೆ ಎನ್ನುವುದು ಅವನ ಮಾತು. ಮನುಷ್ಯರ ವಿಷಯದಲ್ಲಿ ಮಾತ್ರ ಹಾಗಿರಲಿಲ್ಲ, ಬೇಗ ನಂಬುತ್ತಿದ್ದ. ಹಾಗಾಗಿಯೋ ಏನೋ, ಒಬ್ಬರ ಮೇಲೆ ಅನುಮಾನ ಬಂದರೆ ಅದನ್ನು ಕಳೆದುಕೊಳ್ಳುವ ದಾರಿ ಅವನಿಗೆ ತಿಳಿದಿರಲಿಲ್ಲ.

ಇನ್ನೊಂದು ಹೇಳಬೇಕು. ನಮ್ಮ ಕಡೆ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಕೊಟ್ಟವರಿಗೂ ಇಸಕೊಂಡವರಿಗೂ ಜಗಳವಾಗುತ್ತದೆ ಎಂದು ನಂಬಿಕೆ. ಕೇಳಿದವರ ಮುಂದೆ ನೆಲದ ಮೇಲಿಟ್ಟು ಕೈ ಹಿಂದಕ್ಕೆ ತೆಗೆದುಕೊಳ್ಳಬೇಕು, ಅವರು ಎತ್ತಿಕೊಳ್ಳಬೇಕು. ನನಗೆ ಇದು ಹೋಗಲಿ ಎನ್ನುವಂಥ ಸಂಗತಿ. ಬೀರೇಶನಿಗೆ ಹಾಗಲ್ಲ.

ಎರಡು ಸಾವಿರದ ಮೂರರಲ್ಲಿ ಅವನಿಗೆ ನಮ್ಮ ಕಾರ್ಖಾನೆಯಲ್ಲಿ ಗುತ್ತಿಗೆಯ ಕೆಲಸ ಕೊಡಿಸಿದೆ. ಲಾರಿಯಿಂದ ಸೀಟಿನ ಬಟ್ಟೆಯ ಸುರುಳಿ ಇಳಿಸಿ ಸ್ಟೋರಿಗೆ ತಳ್ಳುವುದು. ಮೊದಲ ದಿನವೇ ಗೇಟಿನಲ್ಲಿ ಕಾವಲುಗಾರ ಮೈ ತಡವಿದಾಗ ಜೇಬಿನ ಚಾಕು ಕೈಗೆ ತಾಗಿತು. ಉತ್ತರದ ಕಡೆಯ ಮನುಷ್ಯ, ಕನ್ನಡ ಬಾರದು. ಕೊಡು ಎಂದು ಅಂಗೈ ಚಾಚಿದ. ಬೀರೇಶ ಚಾಕು ತೆಗೆದು, ಬಗ್ಗಿ, ಅವನ ಬೂಟಿನ ಮುಂದೆ ನೆಲದ ಮೇಲಿಟ್ಟು ನೆಟ್ಟಗೆ ನಿಂತ.

ಕಾವಲುಗಾರನ ಮುಖ ಕೆಂಪಾಯಿತು. ತನ್ನನ್ನು ಬಗ್ಗಿಸಲು ಹೀಗೆ ಮಾಡಿದ ಎಂದುಕೊಂಡಿರಬೇಕು. ಕೂಗಾಡಿದ, ಸೂಪರ್‌ವೈಸರ್ ಬಂದ, ಹಿಂದೆ ಸಾಲು ನಿಂತಿತು. ಹಳ್ಳಿಯವರು ಚಾಕು ಇಟ್ಟುಕೊಂಡು ಕೆಲಸಕ್ಕೆ ಬರುತ್ತಾರೆ ಎಂಬ ಮಾತು ಎದ್ದಿತು. ನಾನೇ ಮುಂದೆ ಹೋಗಿ, ಚಾಕುವನ್ನು ಎತ್ತಿ ಕಾವಲುಗಾರನ ಕೈಗಿಟ್ಟು, ಇವನು ನನ್ನ ಕಡೆಯವನು ಎಂದು ಹೇಳಿ ಮುಗಿಸಿದೆ. ಸಂಜೆ ಕಾವಲುಗಾರ ಅದನ್ನು ನನ್ನ ಕೈಗೆ ಕೊಟ್ಟ. ನಾನು ಬಸ್ಸಿನ ಅವಸರದಲ್ಲಿ ನೇರವಾಗಿ ಬೀರೇಶನ ಅಂಗೈಗೆ ಒತ್ತಿದೆ. ಅವನು ಕೈ ಎಳೆದುಕೊಳ್ಳಲು ನೋಡಿದ. ಅಷ್ಟರಲ್ಲಿ ಕೊಟ್ಟಾಗಿತ್ತು.

"ಕೈಗೇ ಕೊಟ್ಬುಟ್ಟಲ್ಲೋ ಬಾಲ," ಎಂದ.

ನಾನು ನಕ್ಕೆ. ಬೆಳಗಿನ ಅವಮಾನ ಇನ್ನೂ ಆರಿರಲಿಲ್ಲ. ಬಸ್ಸಿನಲ್ಲಿ ಅಕ್ಕಪಕ್ಕದವರಿಗೆಲ್ಲ ಕೇಳಿಸುವ ಹಾಗೆ ಹೇಳಿದೆ: "ನಾಳಿಂದ ಇದ ಮನೇಲಿ ಮಡಗು. ಇಲ್ದಿದ್ರೆ ಒಂದಿನ ನಾನೇ ತಗಂಡೋಗಿ ಅರ್ಕಾವತಿ ಹೊಳೆಗ್ ಎಸ್ದುಬುಡ್ತೀನಿ ಕಣ್ಲಾ."

ಅವನು ಮರುದಿನದಿಂದ ಚಾಕು ತರಲಿಲ್ಲ. ಮನೆಗೆ ಹೋದೊಡನೆ ಪ್ಯಾಂಟು ಕಳಚಿ, ಗೋಡೆಯ ಗೂಡಿನಿಂದ ಚಾಕು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾನೆ ಎಂದು ಅವನ ಹೆಂಡತಿ ರಮ್ಯ ನಗುತ್ತಾ ಹೇಳಿದ್ದಳು.

ಮರುವರ್ಷ ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಅವರ ಮನೆಯಲ್ಲಿ ಹುಳು ಹಣ್ಣಾಯಿತು. ಹಣ್ಣಾದ ರೇಷ್ಮೆ ಹುಳುವನ್ನು ಅದೇ ಹೊತ್ತಿನಲ್ಲಿ ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ, ಎಂದರೆ ದಬ್ಬೆಗಳಿಗೆ ಬಿಗಿದ ಬಿದಿರಿನ ಚಾಪೆಗೆ, ಬಿಡಬೇಕು. ಬೇರೆ ಕೈಗಳು ಬೇಕಾಗುತ್ತವೆ, ನಾನೂ ಹೋಗಿದ್ದೆ. ಮನೆಯಲ್ಲಿ ಇದ್ದವರು ಬೀರೇಶ, ರಮ್ಯ, ತಾಯಿ ಕೃಷ್ಣಮ್ಮ, ನಾನು, ನಾಲ್ಕೇ ಜನ. ಚಂದ್ರಿಕೆಗಳು ಸ್ವಂತದವಲ್ಲ, ಕೈಲಾಂಚದ ಚೆಲುವಯ್ಯನ ಹತ್ತಿರ ಬಾಡಿಗೆಗೆ ತಂದವು. ಅವುಗಳಲ್ಲಿ ಒಂದರ ದಬ್ಬೆ ಸಡಿಲವಾಗಿತ್ತು. ಬೀರೇಶ ಕುಕ್ಕರಗಾಲಿನಲ್ಲಿ ಕೂತು ಚಾಕುವಿನಲ್ಲಿ ಅದನ್ನು ಹೆರೆದು ಕೂರಿಸುತ್ತಿದ್ದ. ಅಷ್ಟರಲ್ಲಿ ಕುರಿಗಳು ಪಕ್ಕದವರ ರಾಗಿಗೆ ನುಗ್ಗಿದವೆಂದು ಯಾರೋ ಕೂಗಿದರು. ಅವನು ಎದ್ದು ಓಡಿದ. ಐದು ಗಂಟೆಗೆ ಹಾಲು ಕರೆಯುವ ಹೊತ್ತಾಯಿತೆಂದು ನಾನು ಹೊರಟೆ. ಅವನಿನ್ನೂ ಬಂದಿರಲಿಲ್ಲ.

ಆ ಸಂಜೆಯಿಂದ ಚಾಕು ಕಾಣಲಿಲ್ಲ.

ಸೊಪ್ಪಿನ ರಾಶಿ, ಹಿಕ್ಕೆಯ ಗುಡ್ಡೆ, ಕುರಿದೊಡ್ಡಿ ಎಲ್ಲ ಹುಡುಕಿದರಂತೆ. ಕಿಟಕಿಯ ಮೇಲಿಟ್ಟು ಓಡಿದ ನೆನಪು ಎಂದು ಬೀರೇಶ ಹೇಳುತ್ತಿದ್ದ. ಸೋಮವಾರ ಬಸ್ಸಿನಲ್ಲಿ ಕೇಳಿದ, ನೀನೇನಾದರೂ ಕಂಡೆಯಾ ಎಂದು. ಇಲ್ಲವೆಂದೆ. ಮೂರನೆಯ ದಿನ ಬಸ್ಸಿನ ಕಿಟಕಿಯಾಚೆ ನೋಡುತ್ತಾ, "ಅರ್ಕಾವತೀಲಿ ಈಗ ನೀರು ಎಷ್ಟೈತ್ಲಾ?" ಎಂದ. ತಮಾಷೆ ಎಂದುಕೊಂಡು, ಮೊಳಕಾಲುದ್ದ ಇರಬಹುದು ಎಂದೆ. ಅವನು ನಗಲಿಲ್ಲ.

ಈಗ ನನ್ನ ತಪ್ಪನ್ನು ಬರೆಯಬೇಕು. ಚಾಕು ಕಳೆದುಹೋಗಿದೆ ಎಂಬ ಅವನ ಮಾತನ್ನು ನಾನು ನಂಬಲಿಲ್ಲ. ನನ್ನ ಕಾಟ ತಪ್ಪಿಸಿಕೊಳ್ಳಲು ಹೀಗೆ ಹೇಳುತ್ತಿದ್ದಾನೆ, ಎಲ್ಲೋ ಮರೆಮಾಡಿ ಕಾರ್ಖಾನೆಯ ಒಳಗೆ ತರುತ್ತಿದ್ದಾನೆ ಎಂದೇ ನನ್ನ ಲೆಕ್ಕ. ಅದೇ ತಿಂಗಳು ಸ್ಟೋರಿನಲ್ಲಿ ಸೀಟು ಬಟ್ಟೆಯ ಸುರುಳಿಗಳ ಅಂಚು ಸೀಳಿರುವುದು ಕಂಡಿತು. ಮೊದಲು ಎರಡು, ಆಮೇಲೆ ಐದು. ಒಂದೇ ಎಳೆತಕ್ಕೆ, ನೇರವಾಗಿ, ಚೂಪಾದ ಅಲಗು ಆಡಿಸಿದ ಹಾಗೆ. ಗುತ್ತಿಗೆಯವರನ್ನು ಖಾಯಂ ಮಾಡಿ ಎಂಬ ಕೂಗು ಎದ್ದಿದ್ದ ಕಾಲ. ಬೇಕೆಂದೇ ಕೊಯ್ಯುತ್ತಿದ್ದಾರೆ ಎಂದು ಆಫೀಸಿನಲ್ಲಿ ಮಾತು. ಗೇಟಿನ ಹಳೆಯ ಪ್ರಸಂಗ ಸೂಪರ್‌ವೈಸರಿಗೆ ಮರೆತಿರಲಿಲ್ಲ. ಅವನು ನನ್ನನ್ನು ಕರೆದು, ನಿನ್ನ ಕಡೆಯವನಲ್ಲವಾ, ಒಸಿ ನೋಡಿಕೋ ಎಂದ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಬಟ್ಟೆ ಬದಲಿಸುವ ಕೋಣೆಗೆ ಹೋದೆ. ಮೊಳೆಗೆ ನೇತುಹಾಕಿದ್ದ ಬೀರೇಶನ ಅಂಗಿ, ಪ್ಯಾಂಟಿನ ಜೇಬುಗಳನ್ನು ತಡಕಿದೆ. ಬೀಡಿಕಟ್ಟು, ಬಸ್ ಪಾಸು, ಒಣಗಿದ ಹಿಪ್ಪುನೇರಳೆ ಎಲೆಯ ಚೂರು. ಹಿಂದೆ ತಿರುಗಿದರೆ ಬಾಗಿಲಲ್ಲಿ ಅವನೇ ನಿಂತಿದ್ದ, ಕೈಯಲ್ಲಿ ತೊಳೆದ ಬುತ್ತಿ ಡಬ್ಬಿ.

"ಸಿಕ್ತೇನ್ಲಾ?"

ಅವನೇ ಬಾಗಿಲು ಬಿಟ್ಟು ಒಂದು ಹೆಜ್ಜೆ ಒಳಗೆ ಬಂದ.

"ನೀನೇ ಎತ್ಕಂಡೋಗಿ ಹೊಳೆಗಾಕಿರೋದ ನನ್ ಜೇಬಲ್ಲಿ ಯಾಕ್ಲಾ ಹುಡುಕ್ತೀಯ?"

ಆಗ ನನಗೆ ಗೊತ್ತಾದದ್ದು, ಇಷ್ಟು ದಿನ ಅವನ ತಲೆಯಲ್ಲಿ ಏನಿತ್ತು ಎಂದು. ನಾನು ತೆಗೆದಿಲ್ಲ ಎಂದೆ. ಕೈ ಇನ್ನೂ ಅವನ ಪ್ಯಾಂಟಿನ ಜೇಬಿನಲ್ಲೇ ಇತ್ತು. ಅವನು ಹತ್ತಿರ ಬಂದು, ಮೊಳೆಯಿಂದ ಬಟ್ಟೆ ತೆಗೆದುಕೊಂಡು, ಅಲ್ಲೇ ಬದಲಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ಗೇಟು ದಾಟಿ ಹೋದ. ಮತ್ತೆ ಕೆಲಸಕ್ಕೆ ಬರಲಿಲ್ಲ.

ಅವನು ಬಿಟ್ಟುಹೋದ ಮೇಲೂ ಸುರುಳಿಗಳು ಸೀಳಿಹೋಗುತ್ತಲೇ ಇದ್ದವು. ಮೂರು ತಿಂಗಳಾದ ಮೇಲೆ ತಳ್ಳುಗಾಡಿಯೊಂದರ ತಗಡಿನ ಅಂಚು ಎದ್ದು ಬಟ್ಟೆಗೆ ತಗಲುತ್ತಿದ್ದದ್ದು ಕಂಡಿತು. ಅದನ್ನು ಬಡಿದು ಕೂರಿಸಿದರು, ನಿಂತಿತು. ಇದನ್ನು ಬೀರೇಶನಿಗೆ ಹೇಳಬೇಕೆಂದು ಹೋದೆ. ಕುರಿ ಅಟ್ಟಿಕೊಂಡು ಬರುತ್ತಿದ್ದ. ಕೇಳಿಸಿಕೊಂಡು, "ತಗಡು ಸಿಕ್ತಲ್ಲ, ಬುಡು," ಎಂದ. ಅವನ ಚಾಕು ಸಿಕ್ಕಿರಲಿಲ್ಲ.

ಮಾತು ಬಿಡಲಿಲ್ಲ ನಾವು. ಮಾತು ಬಿಟ್ಟಿದ್ದರೆ ಯಾರಾದರೂ ನಡುವೆ ಬಂದು ಕೂರಿಸಿ ಬಿಡಿಸುತ್ತಿದ್ದರೇನೋ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ಮಳೆ, ಗೂಡಿನ ರೇಟು, ಹೆದ್ದಾರಿ ಬದಿಯ ಜಮೀನು ಕೇಳಿಕೊಂಡು ಬರುವ ಬಿಳಿ ಕಾರಿನವರು, ಇಷ್ಟು ಮಾತಾಗುತ್ತಿತ್ತು. ಹೊಸ ಚಾಕು ಅವನು ಕೊಳ್ಳಲಿಲ್ಲ. ದಾರ ಹಲ್ಲಿನಲ್ಲಿ ಕಡಿಯುತ್ತಿದ್ದ. ಗೊರಸು ಹೆರೆಯಲು ಕುಡುಗೋಲಿನ ತುದಿಯನ್ನೇ ಮಸೆದುಕೊಂಡಿದ್ದ. ಮಾತಿನ ನಡುವೆ ಏನಾದರೂ ಕೊಯ್ಯುವುದು ಬಂದರೆ ಕೈ ತಾನಾಗಿ ಬಲ ಜೇಬಿಗೆ ಹೋಗಿ ಬರಿದಾಗಿ ಈಚೆಗೆ ಬರುತ್ತಿತ್ತು. ಆಮೇಲೆ ನನ್ನ ಮುಖ ನೋಡುತ್ತಿದ್ದ. ಬೇಕೆಂದು ನೋಡುತ್ತಿದ್ದನೋ ಇಲ್ಲವೋ, ನನಗೆ ಮಾತ್ರ ಹಾಗೇ ಕಾಣುತ್ತಿತ್ತು.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ಅವನಿಗೆ ಕಾಮಾಲೆಯಾಯಿತು. ಊರಿನ ಔಷಧಿ ಹತ್ತು ದಿನ ಕುಡಿದು, ಕಣ್ಣು ಅರಿಶಿನದಂತಾದ ಮೇಲೆ ಆಸ್ಪತ್ರೆಗೆ ಸೇರಿಸಿದರು. ಮೂಸಂಬಿ ತೆಗೆದುಕೊಂಡು ನೋಡಲು ಹೋದೆ. ರಮ್ಯ ಗಂಜಿ ತರಲು ಕೆಳಗೆ ಹೋಗಿದ್ದಳು. ಅವನ ಕೈ ಸಣ್ಣದಾಗಿತ್ತು, ಗಡಿಯಾರದ ಪಟ್ಟಿ ಮೊಳಕೈವರೆಗೆ ಜಾರುತ್ತಿತ್ತು. ಒಂದು ಮೂಸಂಬಿ ಕುಯ್ದು ಕೊಡು ಎಂದ. ನಾನು ಉಗುರಿನಲ್ಲಿ ಸಿಪ್ಪೆ ಬಿಡಿಸತೊಡಗಿದೆ.

"ಚಾಕು ಇಲ್ವೇನ್ಲಾ ನಿನ್ ತಾವ?"

"ನಾನ್ಯಾವತ್ತು ಚಾಕು ಮಡಿಕಂಡಿದ್ದೆ?"

"ನೋಡು, ಜೇಬಲ್ಲಿ ಇರ್ಬೋದು."

ಅವನ ಹಳದಿ ಕಣ್ಣು ನನ್ನ ಪ್ಯಾಂಟಿನ ಜೇಬಿನ ಮೇಲಿತ್ತು. ಒಂದೂವರೆ ವರ್ಷ ಕಳೆದಿತ್ತು. ಸಾಯುವವನು ಮೂಸಂಬಿಯ ನೆಪದಲ್ಲಿ ನನ್ನನ್ನು ಕುಯ್ದು ನೋಡುತ್ತಿದ್ದ. ನಾನು ಎರಡೂ ಜೇಬನ್ನು ಹೊರಕ್ಕೆ ಎಳೆದು ತೋರಿಸಿದೆ. ಕರವಸ್ತ್ರ, ಬೀಗದ ಕೈ ಬಿದ್ದವು. ಅವನು ನೋಡಿದ. ನಂಬಿದನೋ, ಜೇಬು ಖಾಲಿ ಮಾಡಿಕೊಂಡೇ ಬಂದಿದ್ದಾನೆ ಎಂದುಕೊಂಡನೋ ತಿಳಿಯಲಿಲ್ಲ. ಮೂಸಂಬಿಯ ಎರಡು ತೊಳೆ ತಿಂದ. ನಾಲ್ಕನೆಯ ದಿನ ತೀರಿಕೊಂಡ. ಅವನಿಗೆ ಮೂವತ್ತೈದು ನಡೆಯುತ್ತಿತ್ತು.

ಮಣ್ಣು ಮಾಡಿದ ಐದನೆಯ ದಿನ ಬೆಳಿಗ್ಗೆ ಚೆಲುವಯ್ಯ ನಮ್ಮ ಮನೆಗೆ ಬಂದರು. ಈಗೀಗ ಎಲ್ಲರೂ ಪ್ಲಾಸ್ಟಿಕ್ಕಿನ ನೇತ್ರಿಕೆ ತರಿಸುತ್ತಿದ್ದಾರೆ, ಬಿದಿರಿನ ಚಂದ್ರಿಕೆ ಕೇಳುವವರಿಲ್ಲ. ಅವರು ಅಟ್ಟದ ಮೇಲೆ ಬಿದ್ದಿದ್ದ ಮುರುಕಲು ಚಂದ್ರಿಕೆಗಳನ್ನು ಸೌದೆಗೆಂದು ಇಳಿಸಿ ಒಡೆಯುತ್ತಿದ್ದರಂತೆ. ಒಂದರ ಹಿಂಬದಿಯಲ್ಲಿ, ದಬ್ಬೆಗೂ ಚಾಪೆಗೂ ನಡುವೆ, ಚಾಕು ಸಿಕ್ಕಿಕೊಂಡಿತ್ತು.

ಅವರು ಅದನ್ನು ನಮ್ಮ ಜಗಲಿಯ ಮೇಲಿಟ್ಟು ಕೈ ತೆಗೆದರು. ಬೊಂಬೆ ಹಿಡಿ ಕೈಲಾಂಚದವರಿಗೂ ಗೊತ್ತಿತ್ತು. ಸಾವಿನ ಮನೆಗೆ ನೇರ ಹೋಗುವುದು ಹೇಗೆಂದು ನನ್ನ ಹತ್ತಿರ ತಂದಿದ್ದರು. ಕುರಿ ನುಗ್ಗಿದವೆಂಬ ಕೂಗು ಕೇಳಿ ಎದ್ದಾಗ ಬೀರೇಶ ಅದನ್ನು ಬಿಚ್ಚಿದ ಹಾಗೇ ದಬ್ಬೆಯ ಸಂದಿಗೆ ಸಿಕ್ಕಿಸಿ ಓಡಿದ್ದಾನೆ. ಮೂರು ನಾಲ್ಕು ಹುಳುಗಳು ಚಾಪೆಯ ಹಿಂದಕ್ಕೆ ಸರಿದು ಅಲಗಿಗೂ ಬಿದಿರಿಗೂ ಸೇರಿಸಿ ಗೂಡು ಕಟ್ಟಿವೆ. ಮುಂದಿನಿಂದ ಗೂಡು ಬಿಡಿಸಿದವರಿಗೆ ಹಿಂದಿನದು ಕಂಡಿಲ್ಲ. ದಬ್ಬೆ ಮುರಿದದ್ದೆಂದು ಚೆಲುವಯ್ಯ ಅದನ್ನು ಬೇರೆಯವರಿಗೆ ಕೊಡದೆ ಅಟ್ಟಕ್ಕೆ ಹಾಕಿದ್ದಾರೆ. ಅಲಗಿನ ಉದ್ದಕ್ಕೂ ಕಂದು ತುಕ್ಕು. ಅದರ ಮೇಲೆ ಕೊಳೆಯಾದ ರೇಷ್ಮೆಯ ಹೊದಿಕೆ. ಚಪ್ಪಟೆಯಾದ ಒಂದು ಗೂಡು ಹಿಡಿಗೇ ಅಂಟಿಕೊಂಡಿತ್ತು.

ಚೆಲುವಯ್ಯ ಹೋದ ಮೇಲೆ ನಾನು ಬಹಳ ಹೊತ್ತು ಅಲ್ಲೇ ಕೂತಿದ್ದೆ. ಆಮೇಲೆ ಮಾಡಿದ್ದು ಇದು: ರೇಷ್ಮೆಯನ್ನು ಉಗುರಿನಿಂದ ಕಿತ್ತು ಒಲೆಗೆ ಹಾಕಿದೆ. ಸೀಮೆಎಣ್ಣೆ ಹಚ್ಚಿ ತುಕ್ಕು ಉಜ್ಜಿದೆ. ರಾಮನಗರದಲ್ಲಿ ಸಾಣೆ ಹಿಡಿಸಿದೆ. ಬಟ್ಟೆಯಿಂದ ಒರೆಸಿದಾಗ ಗಫಾರ್ ಸಾಬರ ಪಟ್ಟೆಗಳು ಮತ್ತೆ ಹೊಳೆದವು. ಬೀರೇಶ ಒಂದು ದಿನವೂ ಅಲಗಿಗೆ ತುಕ್ಕು ಬರಲು ಬಿಟ್ಟವನಲ್ಲ. ಅವನ ಮನೆಗೆ ಅದನ್ನು ಆ ಸ್ಥಿತಿಯಲ್ಲಿ ಕೊಡಲು ಮನಸ್ಸಾಗಲಿಲ್ಲ. ಇಷ್ಟೇ ನನ್ನ ತಲೆಯಲ್ಲಿದ್ದದ್ದು.

ಏಳನೆಯ ದಿನ ಹೋದೆ. ಕೃಷ್ಣಮ್ಮ ಗೋಡೆಗೆ ಒರಗಿ ಕೂತಿದ್ದರು. ರಮ್ಯ ಮೊರದಲ್ಲಿ ರಾಗಿ ಕೇರುತ್ತಿದ್ದಳು. ನಾನು ಚಾಕುವನ್ನು ಅವರ ಮುಂದೆ ನೆಲದ ಮೇಲಿಟ್ಟು, ಚೆಲುವಯ್ಯ ಬಂದದ್ದು, ಚಂದ್ರಿಕೆ ಒಡೆದದ್ದು ಎಲ್ಲ ಹೇಳಿದೆ. ರಮ್ಯ ಮೊರ ಕೆಳಗಿಟ್ಟಳು. ಚಾಕು ಎತ್ತಿಕೊಂಡು ಅಲಗು ಬಿಡಿಸಿ ಬೆಳಕಿಗೆ ಹಿಡಿದಳು. ಹಿಡಿಯ ಸೀಳಿನೊಳಗೆ ಉಗುರು ಆಡಿಸಿ ಉಗುರನ್ನು ನೋಡಿಕೊಂಡಳು. ಹುಟ್ಟಿದಾಗಿನಿಂದ ಗೂಡು ಬಿಡಿಸಿದ ಕೈ ಅದು.

"ಚಂದ್ರಿಕೆಲಿ ಇದ್ರೆ ರೇಸ್ಮೆ ಇರ್ಬೇಕಲ್ಲಣ್ಣ. ಎಲ್ಲಿ?"

ಕಿತ್ತು ಒಲೆಗೆ ಹಾಕಿದೆ ಎಂದೆ.

"ತುಕ್ಕು?"

ಉಜ್ಜಿ ತೆಗೆದೆ ಎಂದೆ. ನಾನು ಹೇಳುತ್ತಿರುವುದು ಹೇಗೆ ಕೇಳಿಸುತ್ತಿದೆ ಎಂದು ನನಗೇ ಗೊತ್ತಾಯಿತು. ಮಿರಮಿರ ಮಿನುಗುವ ಚಾಕು. ದಿನವೂ ಮಸೆದು ಜೇಬಿನಲ್ಲಿಟ್ಟುಕೊಂಡವನು, ಯಜಮಾನ ಸತ್ತ ಮೇಲೆ ತಂದು ಕೊಟ್ಟ ಹಾಗಿತ್ತು. ರಮ್ಯ ಅಲಗನ್ನು ಮಡಚಿ ಇದ್ದಲ್ಲೇ ಇಟ್ಟು ಮೊರ ಎತ್ತಿಕೊಂಡಳು.

"ಆಸ್ಪತ್ರೇಲಿ ನಮ್ಮನೆಯವ್ರು ಹೇಳ್ತಿದ್ರು, ಬಾಲಣ್ಣ ಜೇಬು ತೋರುಸ್ಬುಟ್ಟ, ಆದ್ರೆ ಮನೇಲಿ ಮಡಗಿರ್ಬೋದು ಅಂತ," ಎಂದಳು. ದನಿ ಏರಿಸಲಿಲ್ಲ.

ಚೆಲುವಯ್ಯನವರನ್ನು ಕರೆದುಕೊಂಡು ಬಂದು ಹೇಳಿಸಲೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಕೈಲಾಂಚದ ದಾರಿಯವರೆಗೂ ಹೋಗಿ ಹಿಂದಿರುಗಿದೆ. ಸಾವಿನ ಮನೆಗೆ ಸಾಕ್ಷಿ ಕರೆದುಕೊಂಡು ಹೋದರೆ ಸುಳ್ಳಿಗೆ ಇನ್ನೊಂದು ಬಾಯಿ ಜೊತೆಯಾದಂತೆ ಕಾಣುತ್ತದೆ. ನಂಬಿಸಬೇಕಾದವನೂ ಅಲ್ಲಿರಲಿಲ್ಲ.

ಹನ್ನೊಂದನೆಯ ದಿನ ತಿಥಿ. ನಮ್ಮಲ್ಲಿ ಅಂದು ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುತ್ತಾರೆ. ಬಾಳೆಲೆಯ ಮೇಲೆ ಮುದ್ದೆ, ಮಾಂಸದ ಸಾರು, ಹೋಳು ಮಾಡಿದ ಸೀಬೆಕಾಯಿ. ಪಕ್ಕದಲ್ಲಿ ಬೀಡಿಕಟ್ಟು, ಮಡಚಿದ ಪಟ್ಟೆ ಚಡ್ಡಿ. ಚಡ್ಡಿಯ ಮೇಲೆ ಚಾಕು ಇತ್ತು. ಅದನ್ನು ನೋಡಿ ನನಗೆ ಸ್ವಲ್ಪ ಉಸಿರಾಡಿದಂತಾಯಿತು. ಸೀಬೆಕಾಯಿ ಅದರಲ್ಲೇ ಹೆಚ್ಚಿದ್ದಿರಬೇಕು, ಅಲಗಿನ ಬುಡದಲ್ಲಿ ಬೀಜ ಅಂಟಿತ್ತು.

ಊಟವಾದ ಮೇಲೆ ಎಡೆ ತೆಗೆದರು. ನಾನು ಚಪ್ಪಲಿ ಮೆಟ್ಟುವಾಗ ಕೃಷ್ಣಮ್ಮ ಗೋಡೆ ಹಿಡಿದುಕೊಂಡು ಹೊಸಲಿನವರೆಗೆ ಬಂದರು. ಕೈಯಲ್ಲಿ ಚಾಕು. ನಿಧಾನ ಬಗ್ಗಿ ಅದನ್ನು ನನ್ನ ಮುಂದೆ ನೆಲದ ಮೇಲಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡರು.

"ನೀನ್ ತಗಂಡಿದ್ಯೋ, ಚಂದ್ರಿಕೆಲೇ ಇತ್ತೋ, ಇನ್ ಯಾರ ಕೇಳಾನ ಮಗ. ಈ ಮನೇಲಿ ಬ್ಯಾಡ. ನಿನ್ ತಾವೇ ಇರ್ಲಿ."

ನಾನು ತೆಗೆದಿಲ್ಲ ಅವ್ವ ಎಂದೆ. ಅವರು ತಲೆಯಾಡಿಸಿದರು. ಹೌದು ಎಂದೋ, ಸಾಕು ಎಂದೋ ಹೇಳಲಾರೆ. ಒಳಗಿನಿಂದ ರಮ್ಯ ನೋಡುತ್ತಿದ್ದಳು, ನನ್ನ ಮುಖವನ್ನಲ್ಲ, ಕೈಯನ್ನು. ಎತ್ತಿಕೊಂಡರೆ ಒಪ್ಪಿಕೊಂಡ ಹಾಗೆ. ಬಿಟ್ಟು ಹೋದರೆ ಆ ಮುದುಕಿ ಮತ್ತೆ ಬಗ್ಗಬೇಕು. ಎತ್ತಿಕೊಂಡು ಜೇಬಿಗೆ ಹಾಕಿದೆ.

ಮನೆಯಲ್ಲಿಡಲು ಮನಸ್ಸು ಬಾರದೆ ಚಾಕುವನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಸೋಮವಾರ ಕಾರ್ಖಾನೆಯ ಗೇಟಿನಲ್ಲಿ ಅದೇ ಕಾವಲುಗಾರ ಮೈ ತಡವಿದ. ಜೇಬಿನ ಹತ್ತಿರ ಅವನ ಕೈ ನಿಂತಿತು. ಮೂರು ವರ್ಷದಿಂದ ನನಗೆ ನಮಸ್ಕಾರ ಹೇಳುತ್ತಿದ್ದವನು ಈಗ ಬೇರೆ ಥರ ನನ್ನನ್ನು ನೋಡಿ ಅಂಗೈ ಚಾಚಿದ. ನಾನು ಬಗ್ಗಿ, ಚಾಕುವನ್ನು ಅವನ ಬೂಟಿನ ಮುಂದೆ ನೆಲದ ಮೇಲಿಟ್ಟು, ಅವನು ಎತ್ತಿಕೊಳ್ಳುವವರೆಗೆ ನಿಂತಿದ್ದೆ.